ಆದ್ಯತಾ ಪಟ್ಟಿಯ ಎಪ್ಪತ್ತು ವರ್ಷ: ಇಂಟರ್ನ್‌ಶಿಪ್ ‘ಮ್ಯಾಚ್’ ಸುತ್ತಲಿನ ವಾದಗಳು

ಮಾರ್ಚ್ ತಿಂಗಳ ಮೂರನೆಯ ವಾರ ಬಂತೆಂದರೆ, ಅಮೆರಿಕದಲ್ಲಿ ವೈದ್ಯಕೀಯ ತರಬೇತಿಗೆ ಅರ್ಜಿ ಹಾಕಿದ ಮಕ್ಕಳಿರುವ ಕನ್ನಡಿಗರ ಮನೆಗಳಲ್ಲಿ ಒಂದೇ ವಿಚಾರಣೆ: “ಮ್ಯಾಚ್ ಆಯ್ತಾ?” ಸೋಮವಾರದ ಇಮೇಲ್ ಆಯಿತು ಅಥವಾ ಆಗಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಯಾವ ಊರು, ಯಾವ ಆಸ್ಪತ್ರೆ ಎಂದು ಗೊತ್ತಾಗಲು ಶುಕ್ರವಾರದ ತನಕ ಕಾಯಬೇಕು. ನ್ಯಾಷನಲ್ ರೆಸಿಡೆಂಟ್ ಮ್ಯಾಚಿಂಗ್ ಪ್ರೋಗ್ರಾಂ, ಅಂದರೆ ಎನ್‌ಆರ್‌ಎಂಪಿ ನಡೆಸುವ ಈ ಜೋಡಣೆಯಲ್ಲಿ ಈಗ ವರ್ಷಕ್ಕೆ 40 ಸಾವಿರಕ್ಕೂ ಹೆಚ್ಚು ಸ್ಥಾನಗಳಿಗೆ 50 ಸಾವಿರದಷ್ಟು ಮಂದಿ ಹೆಸರು ನೋಂದಾಯಿಸುತ್ತಾರೆ. ಅರ್ಜಿದಾರರು ತಮಗೆ ಬೇಕಾದ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆಯುತ್ತಾರೆ. ಆಸ್ಪತ್ರೆಗಳು ತಾವು ಸಂದರ್ಶಿಸಿದ ಅಭ್ಯರ್ಥಿಗಳನ್ನು ಹಾಗೆಯೇ ಬರೆಯುತ್ತವೆ. ಎರಡೂ ಕಡೆಯ ಪಟ್ಟಿಗಳನ್ನು ಕಂಪ್ಯೂಟರ್ ಜೋಡಿಸುತ್ತದೆ. ಬಂದ ಫಲಿತಾಂಶಕ್ಕೆ ಇಬ್ಬರೂ ಬದ್ಧರು.

ಇಷ್ಟು ಸರಳವಾಗಿ ಕಾಣುವ ಪಟ್ಟಿಯ ಸುತ್ತ ಎಪ್ಪತ್ತು ವರ್ಷಗಳಿಂದ ಜಗಳ ನಡೆದಿದೆ. ಮನಸ್ಸಿನಲ್ಲಿ ಇರುವ ಕ್ರಮದಲ್ಲೇ ಬರೆಯಿರಿ ಎಂದು ಸಂಸ್ಥೆ ಹೇಳುತ್ತದೆ. ನಿನ್ನನ್ನು ತೆಗೆದುಕೊಳ್ಳುವ ಲಕ್ಷಣ ತೋರಿಸಿದ ಆಸ್ಪತ್ರೆಯನ್ನು ಮೇಲಿಡು, ಮೊದಲ ಸ್ಥಾನವನ್ನು ಕನಸಿಗೆ ವ್ಯರ್ಥ ಮಾಡಬೇಡ ಎಂದು ಸೀನಿಯರ್‌ಗಳು ಪಿಸುಗುಡುತ್ತಾರೆ. ಯಾರ ಮಾತು ಸರಿ? ಅಲ್ಲಿಂದ ಹೊರಟರೆ ಇನ್ನೂ ದೊಡ್ಡ ಪ್ರಶ್ನೆಗಳು ಎದುರಾಗುತ್ತವೆ: ಈ ಯಂತ್ರ ಯಾರ ಪರವಾಗಿ ಕೆಲಸ ಮಾಡುತ್ತದೆ, ಸಂಬಳವನ್ನು ತಗ್ಗಿಸುತ್ತದೆಯೇ, ಹಳ್ಳಿಯ ಆಸ್ಪತ್ರೆಗೆ ವೈದ್ಯರನ್ನು ಕೊಡಬಲ್ಲುದೇ?

ಗಡುವಿನ ಪೈಪೋಟಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಇಂಟರ್ನ್‌ಗಳೆಂದರೆ ಅಗ್ಗದ ದುಡಿಮೆ. ಹೊಸ ಪದವೀಧರರಿಗೆ ಇಂಟರ್ನ್‌ಶಿಪ್ ಎಂದರೆ ರೋಗಿಯ ಬಳಿ ನಿಂತು ಕಲಿಯುವ ಅವಕಾಶ. ಸ್ಥಾನಗಳು ಹೆಚ್ಚು, ವಿದ್ಯಾರ್ಥಿಗಳು ಕಡಿಮೆ. ಹಾಗಾಗಿ ಒಂದು ಆಸ್ಪತ್ರೆ ಇನ್ನೊಂದಕ್ಕಿಂತ ಮೊದಲೇ ಹೋಗಿ ಹುಡುಗರನ್ನು ಹಿಡಿಯತೊಡಗಿತು. 1940ರ ದಶಕದ ಹೊತ್ತಿಗೆ ಓದು ಮುಗಿಯಲು ಸುಮಾರು ಎರಡು ವರ್ಷ ಬಾಕಿ ಇರುವಾಗಲೇ ಇಂಟರ್ನ್‌ಶಿಪ್ ನಿಗದಿಯಾಗುವ ಸ್ಥಿತಿ ಬಂತು. ಇನ್ನೂ ವಾರ್ಡಿಗೆ ಕಾಲಿಡದ ವಿದ್ಯಾರ್ಥಿ ಒಳ್ಳೆಯ ವೈದ್ಯನಾಗುವನೋ ಇಲ್ಲವೋ ಆಸ್ಪತ್ರೆಗೆ ಗೊತ್ತಿಲ್ಲ. ತನಗೆ ಶಸ್ತ್ರಚಿಕಿತ್ಸೆ ಇಷ್ಟವೋ ಮಕ್ಕಳ ವೈದ್ಯಕೀಯ ಇಷ್ಟವೋ ಅವನಿಗೂ ಗೊತ್ತಿಲ್ಲ.

1945ರಲ್ಲಿ ವೈದ್ಯಕೀಯ ಕಾಲೇಜುಗಳು ಒಂದು ಒಪ್ಪಂದಕ್ಕೆ ಬಂದವು: ಗೊತ್ತುಪಡಿಸಿದ ದಿನಕ್ಕೆ ಮೊದಲು ಅಂಕಪಟ್ಟಿಯನ್ನಾಗಲಿ ಶಿಫಾರಸು ಪತ್ರವನ್ನಾಗಲಿ ಹೊರಗೆ ಬಿಡುವುದಿಲ್ಲ. ಬೇಗ ಹಿಡಿಯುವ ರೋಗ ಇದರಿಂದ ನಿಂತಿತು. ಹೊಸ ರೋಗ ಹುಟ್ಟಿತು. ಎರಡನೆಯ ಆಯ್ಕೆಯ ಆಸ್ಪತ್ರೆಯಿಂದ ಕರೆ ಬಂದ ವಿದ್ಯಾರ್ಥಿ ಮೊದಲನೆಯದರ ಉತ್ತರಕ್ಕಾಗಿ ಕೊನೆಯ ಗಳಿಗೆಯವರೆಗೂ ಕಾಯುತ್ತಿದ್ದ. ಕಾಯಿಸಿಕೊಂಡ ಆಸ್ಪತ್ರೆ, ಅವನು ಒಲ್ಲೆ ಎಂದ ಮೇಲೆ ಮುಂದಿನವನನ್ನು ಹುಡುಕಿದರೆ, ಆ ಮುಂದಿನವನು ಆಗಲೇ ಬೇರೆ ಕಡೆ ಸೇರಿರುತ್ತಿದ್ದ. ಆದ್ದರಿಂದ ಯೋಚಿಸಲು ಕೊಡುವ ಅವಧಿ ವರ್ಷದಿಂದ ವರ್ಷಕ್ಕೆ ಕುಗ್ಗಿತು. 1945ರಲ್ಲಿ 10 ದಿನವಿತ್ತು. 1949ಕ್ಕೆ 12 ಗಂಟೆಯ ಗಡುವೂ ಉದ್ದವಾಯಿತೆಂದು ತಳ್ಳಿಹಾಕಲಾಯಿತು. ತಂತಿ ಬಂದ ಕೂಡಲೇ ಹೌದು ಅಥವಾ ಇಲ್ಲ ಎನ್ನಬೇಕು, ಅಷ್ಟೆ.

ಬೇಸತ್ತವರು ಕೇಂದ್ರೀಕೃತ ಜೋಡಣೆಗೆ ಒಪ್ಪಿದ್ದು ಈ ಹಂತದಲ್ಲಿ. ಇದು ಸರ್ಕಾರ ಹೇರಿದ್ದಲ್ಲ, ಸ್ವಯಂಪ್ರೇರಿತ. ಬಹುಪಾಲು ಎಲ್ಲರೂ ಅದರೊಳಗೆ ಬಂದದ್ದು ಮುಂದೆ ಅರ್ಥಶಾಸ್ತ್ರಜ್ಞರ ಗಮನ ಸೆಳೆದ ಸಂಗತಿ.

ವಿದ್ಯಾರ್ಥಿಗಳ ತಕರಾರು

ಮೊದಲು ಸೂಚಿಸಿದ ಜೋಡಣಾ ವಿಧಾನದಲ್ಲಿ ಒಂದು ಮೋಸವಿತ್ತು. ಬೇಕೆಂದು ಇಟ್ಟದ್ದಲ್ಲ, ಕಣ್ತಪ್ಪಿದ್ದು. ಮೊದಲ ಆಯ್ಕೆ ಎಂದು ಬರೆದವರಿಗೆ ಆ ಆಸ್ಪತ್ರೆಯಲ್ಲಿ ಮುನ್ನುಗ್ಗುವ ಹಕ್ಕು ಸಿಗುವಂತೆ ಅದನ್ನು ರಚಿಸಿದ್ದರು. ನ್ಯಾಯವೆಂದೇ ತೋರುತ್ತದೆ. ಆದರೆ ಅನಿತಾ ಎಂಬ ವಿದ್ಯಾರ್ಥಿನಿ ದೊಡ್ಡ ಆಸ್ಪತ್ರೆಯನ್ನು ಮೊದಲಿಗೆ, ಮಧ್ಯಮ ಆಸ್ಪತ್ರೆಯನ್ನು ಎರಡನೆಯದಾಗಿ ಬರೆದಳು ಎಂದುಕೊಳ್ಳೋಣ. ಮಧ್ಯಮ ಆಸ್ಪತ್ರೆಗೆ ಬಸವರಾಜನಿಗಿಂತ ಅವಳೇ ಇಷ್ಟ. ಬಸವರಾಜ ಮಾತ್ರ ಅದನ್ನೇ ಮೊದಲ ಆಯ್ಕೆ ಎಂದು ಬರೆದಿದ್ದಾನೆ. ದೊಡ್ಡ ಆಸ್ಪತ್ರೆ ಅನಿತಾಳನ್ನು ಬಿಟ್ಟಿತು. ಅವಳು ಎರಡನೆಯದಕ್ಕೆ ಇಳಿಯುವಷ್ಟರಲ್ಲಿ ಬಸವರಾಜನಿಗೆ ಸೀಟು ಹೋಗಿರುತ್ತದೆ. ಆಸೆಪಟ್ಟದ್ದಕ್ಕೆ ದಂಡ ತೆತ್ತಂತಾಯಿತು.

ಇದನ್ನು ಮೊದಲು ಕಂಡವರು ಪ್ರಾಧ್ಯಾಪಕರಲ್ಲ, ವಿದ್ಯಾರ್ಥಿಗಳು. 1951ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಓದುತ್ತಿದ್ದ ಹಾರ್ಡಿ ಹೆಂಡ್ರನ್ ಮುಂದಾಳುತನದಲ್ಲಿ ವಿದ್ಯಾರ್ಥಿಗಳ ಸಮಿತಿಯೊಂದು ಪ್ರತಿಭಟಿಸಿತು. ಬಾಸ್ಟನ್ನಿನಲ್ಲಿ ಆಗಲೇ ಬಳಕೆಯಲ್ಲಿದ್ದ ಮಾದರಿಯನ್ನು ಮುಂದಿಟ್ಟಿತು. ಹೆಂಡ್ರನ್ ಆಮೇಲೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಹೆಸರಾದರು. ವಿಧಾನ ಬದಲಾಯಿತು, 1952ರಲ್ಲಿ ಮೊದಲ ಮ್ಯಾಚ್ ನಡೆಯಿತು. ಆ ವರ್ಷ 10 ಸಾವಿರಕ್ಕೂ ಹೆಚ್ಚು ಸ್ಥಾನಗಳಿಗೆ ಇದ್ದ ಪದವೀಧರರು 6 ಸಾವಿರದಷ್ಟು. ಇವತ್ತಿನ ಲೆಕ್ಕ ಅದರ ತಲೆಕೆಳಗು.

ಗಣಿತ ಕೊಟ್ಟ ಉತ್ತರ

1962ರಲ್ಲಿ ಗಣಿತಜ್ಞರಾದ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಕಾಲೇಜು ಪ್ರವೇಶ ಮತ್ತು ಮದುವೆಗಳ ಸ್ಥಿರತೆಯ ಕುರಿತು ಏಳು ಪುಟದ ಲೇಖನ ಪ್ರಕಟಿಸಿದರು. ಮ್ಯಾಚ್ ಹತ್ತು ವರ್ಷಗಳಿಂದ ನಡೆಯುತ್ತಿದೆ ಎಂಬುದು ಅವರಿಗೆ ಆಗ ತಿಳಿದಿರಲಿಲ್ಲ. ಅವರ ವಿಧಾನ ಹೀಗೆ: ಪ್ರತಿ ವಿದ್ಯಾರ್ಥಿಯೂ ತನ್ನ ಮೊದಲ ಆಯ್ಕೆಯ ಬಾಗಿಲು ತಟ್ಟುತ್ತಾನೆ. ಆಸ್ಪತ್ರೆ ಬಂದವರಲ್ಲಿ ತನಗೆ ಮೆಚ್ಚಾದವರನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಕಳಿಸುತ್ತದೆ. ಕಳಿಸಲ್ಪಟ್ಟವರು ತಮ್ಮ ಮುಂದಿನ ಆಯ್ಕೆಗೆ ಹೋಗುತ್ತಾರೆ. ಅಲ್ಲಿ ಈಗಾಗಲೇ ಕೂತಿರುವವರಿಗಿಂತ ಆಸ್ಪತ್ರೆಗೆ ಇವರು ಹೆಚ್ಚು ಮೆಚ್ಚಾದರೆ ಕೂತವರು ಏಳಬೇಕು. ಯಾರೂ ಕದಲದ ಸ್ಥಿತಿ ಬರುವ ತನಕ ಯಾವ ಒಪ್ಪಿಗೆಯೂ ಅಂತಿಮವಲ್ಲ.

ಈ ತಾತ್ಕಾಲಿಕತೆಯಲ್ಲೇ ಇಡೀ ಗುಟ್ಟು ಇದೆ. ಅನಿತಾ ತಡವಾಗಿ ಬಂದರೂ ಬಸವರಾಜ ಎದ್ದು ಜಾಗ ಬಿಡುತ್ತಾನೆ. ಮೊದಲ ಆಯ್ಕೆಯಲ್ಲಿ ಸೋತದ್ದು ಎರಡನೆಯದರ ಅವಕಾಶವನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಕೊನೆಯಲ್ಲಿ ಸಿಗುವ ಜೋಡಣೆಯನ್ನು ‘ಸ್ಥಿರ’ ಎನ್ನುತ್ತಾರೆ: ತಮಗೆ ಸಿಕ್ಕಿದ್ದಕ್ಕಿಂತ ಪರಸ್ಪರರೇ ಮೇಲು ಎಂದುಕೊಂಡು ಒಳಗೊಳಗೇ ಕೈಕುಲುಕಬಲ್ಲ ವಿದ್ಯಾರ್ಥಿ ಮತ್ತು ಆಸ್ಪತ್ರೆಯ ಜೋಡಿ ಒಂದೂ ಉಳಿಯುವುದಿಲ್ಲ. 1980ರ ದಶಕದ ಆರಂಭದಲ್ಲಿ ಲೆಸ್ಟರ್ ಡುಬಿನ್ಸ್ ಮತ್ತು ಡೇವಿಡ್ ಫ್ರೀಡ್‌ಮನ್, ಹಾಗೆಯೇ ಸ್ವತಂತ್ರವಾಗಿ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್, ಬಾಗಿಲು ತಟ್ಟುವ ಪಕ್ಷಕ್ಕೆ ನಿಜ ಹೇಳುವುದಕ್ಕಿಂತ ಲಾಭದ ತಂತ್ರ ಇಲ್ಲವೆಂದು ಸಾಧಿಸಿದರು. ರಾತ್ ಇನ್ನೊಂದು ಮಾತನ್ನೂ ಸೇರಿಸಿದರು: ಎರಡೂ ಪಕ್ಷಗಳಿಗೆ ಏಕಕಾಲದಲ್ಲಿ ಈ ಭರವಸೆ ಕೊಡುವ ಸ್ಥಿರ ವಿಧಾನ ಸಾಧ್ಯವಿಲ್ಲ.

1984ರಲ್ಲಿ ರಾತ್ ಹಳೆಯ ದಾಖಲೆ ಕೆದಕಿ ನೋಡಿದಾಗ, 1952ರಿಂದ ನಡೆದುಬಂದ ವಿಧಾನ ಗೇಲ್ ಮತ್ತು ಶೇಪ್ಲಿಯವರದಕ್ಕೆ ಸರಿಸಮ ಎಂಬುದು ಹೊರಬಿತ್ತು. ವೈದ್ಯರು ಜಗಳವಾಡಿ ಕಂಡುಕೊಂಡದ್ದನ್ನೇ ಗಣಿತಜ್ಞರು ಹತ್ತು ವರ್ಷದ ನಂತರ ಕೂತಲ್ಲೇ ಕಂಡುಹಿಡಿದಿದ್ದರು. ಒಂದು ವ್ಯತ್ಯಾಸ ಮಾತ್ರ ಇತ್ತು: ಅಲ್ಲಿ ಬಾಗಿಲು ತಟ್ಟುತ್ತಿದ್ದದ್ದು ಆಸ್ಪತ್ರೆ. ಸ್ಥಿರ ಜೋಡಣೆಗಳು ಹಲವಿದ್ದರೆ, ತಟ್ಟುವ ಪಕ್ಷಕ್ಕೆ ಅವುಗಳಲ್ಲಿ ಅತ್ಯುತ್ತಮವಾದದ್ದು ಸಿಗುತ್ತದೆ. ಇದು ತಿಳಿದ ಮೇಲೆ ವಿದ್ಯಾರ್ಥಿ ಸಂಘಟನೆಗಳು ಸುಮ್ಮನಿರಲಿಲ್ಲ. ರಾತ್ ಮತ್ತು ಎಲಿಯಟ್ ಪೆರಾನ್ಸನ್ ವಿಧಾನವನ್ನು ಮರುರೂಪಿಸಿದರು. 1998ರ ಮ್ಯಾಚ್‌ನಿಂದ ಅರ್ಜಿದಾರರೇ ತಟ್ಟುವ ಪಕ್ಷವಾದರು. ಸ್ವಾರಸ್ಯವೆಂದರೆ, ಹಳೆಯ ಪಟ್ಟಿಗಳ ಮೇಲೆ ಹೊಸ ವಿಧಾನವನ್ನು ಓಡಿಸಿ ನೋಡಿದಾಗ ಫಲಿತಾಂಶ ಬದಲಾದದ್ದು ಸಾವಿರಕ್ಕೆ ಒಬ್ಬರಿಗೂ ಇಲ್ಲ. ವರ್ಷಗಟ್ಟಲೆ ನಡೆದ ಹೋರಾಟದ ಫಲ ಸಂಖ್ಯೆಯಲ್ಲಿ ಅಷ್ಟೇ. ಆದರೂ ಆ ಹೋರಾಟ ವ್ಯರ್ಥವಲ್ಲ ಎನ್ನುವವನು ನಾನು. “ನಿಜ ಬರೆಯಿರಿ, ನಷ್ಟವಿಲ್ಲ” ಎಂಬ ಮಾತನ್ನು ಅರ್ಜಿದಾರರಿಗೆ ಷರತ್ತಿಲ್ಲದೆ ಹೇಳುವ ಹಕ್ಕು ಸಂಸ್ಥೆಗೆ ಬಂದದ್ದು ಆ ಬದಲಾವಣೆಯಿಂದಲೇ. 2012ರಲ್ಲಿ ರಾತ್ ಮತ್ತು ಶೇಪ್ಲಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ 2008ರಲ್ಲೇ ತೀರಿಕೊಂಡಿದ್ದರು.

ಬ್ರಿಟನ್ ಕೊಟ್ಟ ಪುರಾವೆ, ಮನಃಶಾಸ್ತ್ರಜ್ಞರ ಫೋನ್ ದಿನ

ಸ್ಥಿರತೆ ಪುಸ್ತಕದ ಗುಣವೋ, ವ್ಯವಹಾರದಲ್ಲೂ ಬೇಕಾದದ್ದೋ? ಇದಕ್ಕೆ ಬ್ರಿಟನ್ ತಾನಾಗಿಯೇ ಒಂದು ಪ್ರಯೋಗ ನಡೆಸಿಕೊಟ್ಟಿತು. ಅಲ್ಲಿ ಬೇರೆ ಬೇರೆ ಪ್ರದೇಶಗಳು ಹೊಸ ವೈದ್ಯರ ನೇಮಕಕ್ಕೆ ಬೇರೆ ಬೇರೆ ವಿಧಾನಗಳನ್ನು ತಂದವು. ನ್ಯೂಕ್ಯಾಸಲ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳು, ವಿದ್ಯಾರ್ಥಿ ಕೊಟ್ಟ ಕ್ರಮಾಂಕ ಮತ್ತು ಆಸ್ಪತ್ರೆ ಕೊಟ್ಟ ಕ್ರಮಾಂಕಗಳನ್ನು ಕೂಡಿಯೇ ತೂಗಿ, ಪರಸ್ಪರ ಮೊದಲ ಆಯ್ಕೆ ಎಂದವರನ್ನು ಮೊದಲು ಜೋಡಿಸಿದವು. ಕೆಲವೇ ವರ್ಷಗಳಲ್ಲಿ ಜನ ಉಪಾಯ ಕಂಡುಕೊಂಡರು: ಒಳಗಿಂದಲೇ ಮಾತಾಡಿಕೊಂಡು ಪಟ್ಟಿಯಲ್ಲಿ ಒಂದೇ ಹೆಸರು ಬರೆಯುವುದು. ಎರಡೂ ಯೋಜನೆಗಳು ಬಿದ್ದುಹೋದವು. ಸ್ಥಿರ ಜೋಡಣೆ ಕೊಡುತ್ತಿದ್ದ ಎಡಿನ್‌ಬರೊ ಮತ್ತು ಕಾರ್ಡಿಫ್ ವಿಧಾನಗಳು ಉಳಿದವು. 1991ರಲ್ಲಿ ರಾತ್ ಈ ಹೋಲಿಕೆಯನ್ನು ಪ್ರಕಟಿಸಿದ ಮೇಲೆ ಸ್ಥಿರತಾವಾದಿಗಳ ಕೈ ಬಲವಾಯಿತು. ಸ್ಥಿರವಲ್ಲದ ಒಂದೆರಡು ಸಣ್ಣ ಯೋಜನೆಗಳೂ ಬದುಕಿದ್ದವು ಎಂಬುದನ್ನು ಅವರೇ ದಾಖಲಿಸಿದ್ದಾರೆ. ಎಲ್ಲರೂ ಎಲ್ಲರನ್ನೂ ಬಲ್ಲ ಪುಟ್ಟ ವಲಯದಲ್ಲಿ ಕದ್ದು ಮಾತು ಮುರಿಯುವುದು ಕಷ್ಟ, ಅದೇ ಕಾರಣವಿರಬೇಕು.

ಅಮೆರಿಕದ ಕ್ಲಿನಿಕಲ್ ಮನಃಶಾಸ್ತ್ರದ ಕಥೆ ಇನ್ನೂ ರಂಜಕ. ಡಾಕ್ಟರೇಟ್ ಮುಗಿಸಲು ಅಲ್ಲಿನ ವಿದ್ಯಾರ್ಥಿಗಳಿಗೂ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ಅದನ್ನು ನೋಡಿಕೊಳ್ಳುವ ಎಪಿಪಿಐಸಿ ಸಂಸ್ಥೆ ಬಹುಕಾಲ ಕಂಪ್ಯೂಟರಿಗೆ ಒಪ್ಪದೆ, ಫೆಬ್ರುವರಿಯ ಒಂದು ಸೋಮವಾರ ಎಲ್ಲರೂ ಫೋನಿನಲ್ಲೇ ವ್ಯವಹಾರ ಮುಗಿಸಬೇಕೆಂಬ ನಿಯಮ ಇಟ್ಟಿತ್ತು. ಕೆಲವೇ ಗಂಟೆಗಳಲ್ಲಿ ಸಾವಿರಾರು ಕರೆ. ಬೇಗ ಒಪ್ಪುವವರಿಗೆ ಮೊದಲು ಫೋನ್ ಮಾಡುವುದೇ ಲಾಭವಾದ್ದರಿಂದ, “ನೀವೇ ನನ್ನ ಮೊದಲ ಆಯ್ಕೆ” ಎಂದು ಮುಂಚಿತವಾಗಿ ಮಾತು ಕೊಟ್ಟವರಿಗೆ ಕರೆ ಮೊದಲು ಬರುತ್ತಿತ್ತು. ನಿಯಮದ ಪ್ರಕಾರ ಹಾಗೆ ಕೇಳುವುದು ತಪ್ಪು. ಗಡಿಯಾರದ ಪ್ರಕಾರ ಕೇಳದೆ ಗತಿಯಿಲ್ಲ. ರಾತ್ ಮತ್ತು ಷಿಂಗ್ 1997ರಲ್ಲಿ ಈ ಗೊಂದಲವನ್ನು ವಿವರವಾಗಿ ಬರೆದರು. 1999ರಿಂದ ಅಲ್ಲಿಯೂ ಕಂಪ್ಯೂಟರ್ ಜೋಡಣೆ ಬಂತು. ಉಳಿದವರಿಗಾಗಿ ಎರಡನೆಯ ಹಂತ ಸೇರಿದ್ದು 2011ರಲ್ಲಿ. ಸ್ಥಾನಗಳಿಗಿಂತ ಅಭ್ಯರ್ಥಿಗಳು ಬಹಳ ಹೆಚ್ಚಿದ್ದ ಆ ವರ್ಷಗಳಲ್ಲಿ ನೂರಾರು ಮಂದಿಗೆ ಯಾವ ತಾಣವೂ ಸಿಗುತ್ತಿರಲಿಲ್ಲ. ವಿಧಾನ ಎಷ್ಟೇ ಚೊಕ್ಕವಾಗಿದ್ದರೂ ಇಲ್ಲದ ಸ್ಥಾನವನ್ನು ಅದು ಹುಟ್ಟಿಸದು.

ಭರವಸೆ ಕೊಟ್ಟರೂ ನಂಬದವರು

ನಿಜ ಬರೆದರೆ ನಷ್ಟವಿಲ್ಲ ಎಂದು ಸಾಬೀತಾಗಿದೆ, ಸಂಸ್ಥೆ ಸಾರಿ ಹೇಳುತ್ತಿದೆ. ಜನ ಬರೆಯುತ್ತಾರೆಯೇ? ವರ್ತನಾ ಅರ್ಥಶಾಸ್ತ್ರದವರ ವಾದ ಇಲ್ಲಿಂದ ಶುರು. 2018ರಲ್ಲಿ ಅಲೆಕ್ಸ್ ರೀಸ್-ಜೋನ್ಸ್ ಮತ್ತು ಸ್ಯಾಮ್ಯುಯೆಲ್ ಸ್ಕೌರೋನೆಕ್ ಪ್ರಕಟಿಸಿದ ಪ್ರಯೋಗದಲ್ಲಿ, ಆಗಷ್ಟೇ ನಿಜವಾದ ಮ್ಯಾಚ್ ಪಟ್ಟಿ ಸಲ್ಲಿಸಿದ್ದ 1,714 ವೈದ್ಯ ವಿದ್ಯಾರ್ಥಿಗಳಿಗೆ ಅದೇ ಮಾದರಿಯ, ಹಣದ ಬಹುಮಾನವಿರುವ ಆಟ ಕೊಟ್ಟರು. ಶೇ 23ರಷ್ಟು ಮಂದಿ ತಮಗೆ ಲಾಭವಾದ ಕ್ರಮವನ್ನು ಬಿಟ್ಟು ಬೇರೆ ಕ್ರಮ ಬರೆದರು. ಇವರು ಅನಕ್ಷರಸ್ಥರಲ್ಲ, ದೇಶದ ಅತ್ಯಂತ ಕಠಿಣ ಪರೀಕ್ಷೆಗಳನ್ನು ದಾಟಿ ಬಂದವರು.

ಇಸ್ರೇಲಿನ ಉದಾಹರಣೆ ಇದಕ್ಕಿಂತ ವಿಚಿತ್ರ. ಅಲ್ಲಿನ ಮನಃಶಾಸ್ತ್ರ ಸ್ನಾತಕೋತ್ತರ ಪ್ರವೇಶದಲ್ಲಿ ಒಂದೇ ವಿಭಾಗದ ಸೀಟನ್ನು ವಿದ್ಯಾರ್ಥಿವೇತನದೊಂದಿಗೆ ಮತ್ತು ವೇತನವಿಲ್ಲದೆ ಎಂದು ಎರಡು ಬೇರೆ ಆಯ್ಕೆಗಳಾಗಿ ಬರೆಯಬಹುದಿತ್ತು. ಗಣನೀಯ ಸಂಖ್ಯೆಯ ಅರ್ಜಿದಾರರು ವೇತನವಿಲ್ಲದ್ದನ್ನು ಮೇಲೆ ಬರೆದರು, ಇಲ್ಲವೇ ವೇತನವಿರುವುದನ್ನು ಬರೆಯಲೇ ಇಲ್ಲ. ಅವಿನಾತನ್ ಹಸ್ಸಿದಿಮ್, ಅಸ್ಸಾಫ್ ರೋಮ್ ಮತ್ತು ರ‍್ಯಾನ್ ಶೋರರ್ ಇದನ್ನು ಎತ್ತಿ ತೋರಿಸಿದರು. ದುಡ್ಡು ಬೇಡ ಎನ್ನುವವರು ಯಾರಿದ್ದಾರೆ?

ಕಾರಣಗಳ ಬಗ್ಗೆ ಒಮ್ಮತವಿಲ್ಲ. ಯಂತ್ರ ಅರ್ಥವಾಗುವುದಿಲ್ಲ, ಅದಕ್ಕೆ ನಂಬಿಕೆಯಿಲ್ಲ ಎಂಬುದು ಒಂದು ಉತ್ತರ. ಶೆಂಗ್ವು ಲೀ 2017ರಲ್ಲಿ ಇದಕ್ಕೆ ಸೈದ್ಧಾಂತಿಕ ರೂಪ ಕೊಟ್ಟರು: ಸುಳ್ಳಿನಿಂದ ಲಾಭವಿಲ್ಲ ಎಂಬುದು ಸತ್ಯವಾದರೆ ಸಾಲದು, ಲೆಕ್ಕ ಬಾರದವನ ಕಣ್ಣಿಗೂ ಅದು ಕಾಣುವಂತಿರಬೇಕು, ಮುಚ್ಚಿದ ಪಟ್ಟಿಯ ವಿಧಾನದಲ್ಲಿ ಅದು ಕಾಣುವುದಿಲ್ಲ. ಮ್ಯಾಥ್ಯೂ ರಾಬಿನ್ ಮತ್ತು ಸಂಗಡಿಗರದು ಬೇರೆಯದೇ ದಾರಿ. ಸಿಗದ್ದನ್ನು ಮೊದಲಿಗೆ ಬರೆದು ನಿರಾಸೆಪಡುವುದಕ್ಕಿಂತ ಆಸೆಯನ್ನೇ ಬರೆಯದಿರುವುದು ಮನುಷ್ಯಸ್ವಭಾವ. ಹಾಗಿದ್ದರೆ ಅದು ತಪ್ಪು ಲೆಕ್ಕವಲ್ಲ, ನೋವಿನಿಂದ ತಪ್ಪಿಸಿಕೊಳ್ಳುವ ಲೆಕ್ಕ ಎನ್ನುತ್ತಾರೆ ಅವರು. ಈ ಎರಡನೆಯ ವಿವರಣೆಯಲ್ಲಿ ನನಗೆ ಹೆಚ್ಚು ಹುರುಳು ಕಾಣುತ್ತದೆ. ವಿದ್ಯಾರ್ಥಿವೇತನವನ್ನು ಕೇಳದೇ ಬಿಟ್ಟವನಿಗೆ ಗಣಿತ ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಕೊಡುವುದಿಲ್ಲ ಎನ್ನಿಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು ಎನ್ನುವುದು ಹೆಚ್ಚು ಸಹಜ.

ಆಟ ಪಟ್ಟಿಗಿಂತ ಹಿಂದಕ್ಕೆ ಸರಿದಿದೆ

ಪಟ್ಟಿಯ ಪ್ರಾಮಾಣಿಕತೆಯನ್ನು ಚರ್ಚಿಸುವವರು ಒಂದು ಸಂಗತಿಯನ್ನು ಬದಿಗಿಡುತ್ತಾರೆ. ಎನ್‌ಆರ್‌ಎಂಪಿ ಪಟ್ಟಿಯಲ್ಲಿ ಬರೆಯುವುದರಿಂದ ಪ್ರಯೋಜನವಿರುವುದು ಸಂದರ್ಶನಕ್ಕೆ ಕರೆದ ಆಸ್ಪತ್ರೆಗಳನ್ನು ಮಾತ್ರ. ಕರೆಯದವರು ನಿಮ್ಮನ್ನು ತಮ್ಮ ಪಟ್ಟಿಯಲ್ಲಿ ಬರೆಯುವುದಿಲ್ಲ. ಗೇಲ್ ಮತ್ತು ಶೇಪ್ಲಿಯವರ ಭರವಸೆ ಇರುವುದು ಸಂದರ್ಶನ ಮುಗಿದ ಮೇಲೆ. ಅದಕ್ಕೂ ಮೊದಲು ಯಾವ ಭರವಸೆಯೂ ಇಲ್ಲ.

ಅರ್ಜಿ ಆನ್‌ಲೈನ್ ಆದಮೇಲೆ ಒಬ್ಬೊಬ್ಬರು ಹತ್ತಾರು ಕಡೆ, ಹೊರದೇಶಗಳಲ್ಲಿ ಓದಿದವರು ನೂರಕ್ಕೂ ಹೆಚ್ಚು ಕಡೆ ಹಾಕತೊಡಗಿದರು. 2020ರ ಕೋವಿಡ್ ನಂತರ ಸಂದರ್ಶನಗಳು ವಿಡಿಯೊಗೆ ಬಂದವು, ವಿಮಾನದ ಖರ್ಚು ಇಲ್ಲವಾಯಿತು, ಅಂಕ ಚೆನ್ನಾಗಿರುವ ಕೆಲವರು ಕರೆದಲ್ಲೆಲ್ಲ ಹಾಜರಾದರು. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯು.ಎಸ್.ಎಂ.ಎಲ್.ಇ.ಯ ಮೊದಲ ಹಂತದಲ್ಲಿ 2022ರ ಜನವರಿಯಿಂದ ಅಂಕ ಕೊಡುವುದು ನಿಂತು ಪಾಸು ಅಥವಾ ಫೇಲು ಎಂದಾಯಿತು. ಭಾರತದ ಕಾಲೇಜಿನಿಂದ ಬಂದವರಿಗೆ ಎದ್ದು ಕಾಣಲು ಇದ್ದ ಅಂಕಿಗಳಲ್ಲೊಂದು ಕೈಬಿಟ್ಟಿತು.

ಇದಕ್ಕೆ ಮದ್ದೆಂದು ಬಂದದ್ದು ‘ಸಿಗ್ನಲ್’. ಅರ್ಜಿಯ ಜೊತೆಗೇ ಕೆಲವು ಆಸ್ಪತ್ರೆಗಳಿಗೆ ಮಾತ್ರ “ನನಗೆ ನಿಮ್ಮಲ್ಲಿ ನಿಜವಾದ ಆಸಕ್ತಿ ಇದೆ” ಎಂದು ಸೂಚಿಸುವ ವ್ಯವಸ್ಥೆ. ಕಿವಿ, ಮೂಗು, ಗಂಟಲು ವಿಭಾಗ 2020-21ರಲ್ಲಿ ಮೊದಲು ತಂದಿತು. ಬಳಿಕ ಉಳಿದ ವಿಭಾಗಗಳೂ ಹಿಂಬಾಲಿಸಿದವು. ಮೂಳೆ ಶಸ್ತ್ರಚಿಕಿತ್ಸೆಯವರು ಒಬ್ಬೊಬ್ಬರಿಗೆ 30 ಸಿಗ್ನಲ್ ಕೊಟ್ಟರು. ಸಿಗ್ನಲ್ ಕೆಲವೇ ಇದ್ದಾಗ ಅದು ಪ್ರೀತಿಯ ಗುರುತು. 30 ಇದ್ದಾಗ ಕಳಿಸದಿದ್ದರೆ ಅದೇ ನಿರಾಕರಣೆಯ ಗುರುತು. ಇಲ್ಲಿ ತಂತ್ರಗಾರಿಕೆ ಮರಳಿ ಬರುತ್ತದೆ. ಕನಸಿನ ಆಸ್ಪತ್ರೆಗೆ ಕಳಿಸಬೇಕೋ, ಕರೆಯುವ ಸಾಧ್ಯತೆ ಇರುವಲ್ಲಿಗೆ ಕಳಿಸಬೇಕೋ? ಈ ಪ್ರಶ್ನೆಯಲ್ಲಿ ಸೀನಿಯರ್‌ಗಳ ಪಿಸುಮಾತು ಸರಿ, ಪ್ರಮೇಯ ಮೌನ. ಪಟ್ಟಿಯಲ್ಲಿ ನಿಜ ಹೇಳಬೇಕು, ಸಿಗ್ನಲಿನಲ್ಲಿ ಅಂದಾಜು ಮಾಡಬೇಕು ಎಂಬ ಎರಡು ನಾಲಿಗೆಯ ಸಲಹೆ ಕೇಳಿ 25 ವರ್ಷದ ಹುಡುಗ ಪಟ್ಟಿಯಲ್ಲೂ ಅಂದಾಜು ಮಾಡಿದರೆ ಅವನನ್ನು ದೂರುವುದು ಹೇಗೆ?

ಸಂದರ್ಶನದ ನಂತರದ ಪತ್ರಗಳದ್ದೂ ಇದೇ ಹಾಡು. ನಮ್ಮನ್ನು ಎಷ್ಟನೆಯದಾಗಿ ಬರೆಯುತ್ತೀರಿ ಎಂದು ಆಸ್ಪತ್ರೆ ಕೇಳಕೂಡದು ಎಂಬ ನಿಯಮವಿದೆ. ನಿಮ್ಮ ಬಗ್ಗೆ ನಮಗೆ ಬಹಳ ಮೆಚ್ಚುಗೆ ಇದೆ ಎಂದು ಬರೆಯಲು ತಡೆಯಿಲ್ಲ. ಅಂಥ ಪತ್ರ ಬಂತೆಂದು ಆ ಆಸ್ಪತ್ರೆಯನ್ನು ಮೇಲಕ್ಕೆ ಏರಿಸುವವರಿದ್ದಾರೆ. ಏರಿಸುವುದರಿಂದ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚುವುದಿಲ್ಲ. ಮೇಲಿದ್ದ ಇಷ್ಟದ ಆಸ್ಪತ್ರೆ ತಪ್ಪುವ ಅಪಾಯ ಮಾತ್ರ ಹೆಚ್ಚುತ್ತದೆ.

ದಂಪತಿಗಳು, ಸಂಬಳ, ಹಳ್ಳಿ

ವೈದ್ಯೆಯರ ಸಂಖ್ಯೆ ಹೆಚ್ಚಿದಂತೆ ವೈದ್ಯ ದಂಪತಿಗಳೂ ಹೆಚ್ಚಿದರು. 1970ರ ದಶಕದಲ್ಲಿ ದಂಪತಿಗಳಲ್ಲಿ ಒಬ್ಬರನ್ನು ‘ಮುಂದಾಳು’ ಎಂದು ಘೋಷಿಸಬೇಕಿತ್ತು; ಅವರಿಗೆ ಸ್ಥಾನ ಸಿಕ್ಕ ಊರಿನ ಸುತ್ತ ಇನ್ನೊಬ್ಬರಿಗೆ ಹುಡುಕುತ್ತಿದ್ದರು. ಇಬ್ಬರಿಗೂ ಒಪ್ಪಿಗೆಯಾಗುವ ಜೋಡಿ ಸ್ಥಾನಗಳನ್ನು ಗಮನಿಸದ ಈ ವಿಧಾನದಿಂದ ಹಲವರು ಹೊರಗೆ ಹೋಗಿ ತಾವೇ ವ್ಯವಸ್ಥೆ ಮಾಡಿಕೊಂಡರು. 1983ರಿಂದ ಜೋಡಿ ಪಟ್ಟಿಗೆ ಅವಕಾಶ ಸಿಕ್ಕಿತು. ಈಗ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಜೋಡಿಗಳು ಹೀಗೆ ಬರೆಯುತ್ತವೆ. ಆದರೆ ಜೋಡಿಗಳು ಬಂದ ಕೂಡಲೇ ಸ್ಥಿರ ಜೋಡಣೆ ಇದ್ದೇ ಇರುತ್ತದೆ ಎಂಬ ಪ್ರಮೇಯ ಕುಸಿಯುತ್ತದೆ ಎಂದು ರಾತ್ 1984ರಲ್ಲೇ ತೋರಿಸಿದ್ದರು. ವ್ಯವಹಾರದಲ್ಲಿ ಮಾತ್ರ ಅದು ಸಿಗುತ್ತಲೇ ಬಂದಿದೆ. ಮಾರುಕಟ್ಟೆ ದೊಡ್ಡದಾಗಿ ಜೋಡಿಗಳ ಪಾಲು ಚಿಕ್ಕದಾಗಿದ್ದರೆ ಹಾಗಾಗುತ್ತದೆ ಎಂದು ಕೊಜಿಮಾ, ಪಾಠಕ್ ಮತ್ತು ರಾತ್ 2013ರಲ್ಲಿ ವಿವರಿಸಿದರು.

ಸಂಬಳದ ಪ್ರಶ್ನೆ ನ್ಯಾಯಾಲಯ ಹತ್ತಿತು. ಒಂದೇ ಕಡೆ ಬದ್ಧನಾಗುವ ವಿದ್ಯಾರ್ಥಿ ಎರಡು ಆಸ್ಪತ್ರೆಗಳ ನಡುವೆ ಚೌಕಾಸಿ ಮಾಡಲಾರ, ಆದ್ದರಿಂದ ಮ್ಯಾಚ್ ಎಂಬುದು ಸಂಬಳ ತಗ್ಗಿಸುವ ಒಳಒಪ್ಪಂದ ಎಂದು 2002ರಲ್ಲಿ ಪಾಲ್ ಜಂಗ್ ಮತ್ತಿತರ ವೈದ್ಯರು ದಾವೆ ಹೂಡಿದರು. 2004ರಲ್ಲಿ ಅಮೆರಿಕದ ಸಂಸತ್ತು ಪಿಂಚಣಿ ನಿಧಿಯ ಮಸೂದೆಯೊಂದರ ಒಳಗೆ ಮ್ಯಾಚ್‌ಗೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ತೂರಿಸಿತು. ದಾವೆ ಬಿದ್ದುಹೋಯಿತು. ಹಾಗಾಗಿ ವಾದ ಸೋತಿತು ಎನ್ನುವುದಕ್ಕಿಂತ ಅದನ್ನು ಕೇಳಲೇ ಇಲ್ಲ ಎನ್ನಬೇಕು. ಅರ್ಥಶಾಸ್ತ್ರಜ್ಞರಲ್ಲೂ ಭಿನ್ನಮತವಿದೆ. ಅಭ್ಯರ್ಥಿಗೆ ತಕ್ಕ ಸಂಬಳ ಕೊಡಲು ಬಿಡದೆ ಎಲ್ಲರಿಗೂ ಒಂದೇ ದರ ಮೊದಲೇ ಸಾರಬೇಕಾದಾಗ ಸಂಬಳ ತಗ್ಗುತ್ತದೆ ಎಂದು ಜೆರೆಮಿ ಬುಲೋ ಮತ್ತು ಜೊನಾಥನ್ ಲೆವಿನ್ 2006ರಲ್ಲಿ ಮಾದರಿಯೊಂದರಲ್ಲಿ ತೋರಿಸಿದರು. ಮುರಿಯಲ್ ನೀಡರ್ಲೆ ಮತ್ತು ರಾತ್, ಮ್ಯಾಚ್ ಇರುವ ಮತ್ತು ಇಲ್ಲದ ಫೆಲೋಶಿಪ್ ವಿಭಾಗಗಳನ್ನು ಹೋಲಿಸಿ ಸಂಬಳದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ತರಬೇತಿ ಸ್ಥಾನಗಳಿಗೆ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೊಡುವ ಹಣಕ್ಕೆ 1997ರಲ್ಲಿ ಮಿತಿ ಹಾಕಿದ್ದು ಕೂಡ ಸಂಬಳದ ಕಥೆಯ ಭಾಗವೇ, ಅದನ್ನು ಯಾವ ಪಟ್ಟಿಯೂ ತಿದ್ದಲಾರದು.

ಹಳ್ಳಿಯ ಆಸ್ಪತ್ರೆಗಳ ವಿಷಯದಲ್ಲಿ ಗಣಿತ ನಿಷ್ಠುರ. ಸ್ಥಿರ ಜೋಡಣೆಗಳು ಎಷ್ಟೇ ಇರಲಿ, ಒಂದರಲ್ಲಿ ಖಾಲಿ ಉಳಿದ ಆಸ್ಪತ್ರೆ ಎಲ್ಲದರಲ್ಲೂ ಖಾಲಿಯೇ ಉಳಿಯುತ್ತದೆ ಎಂದು ರಾತ್ 1986ರಲ್ಲಿ ಸಾಧಿಸಿದರು. ವಿಧಾನವನ್ನು ತಿರುಗಿಸಿ ಮುರುಗಿಸಿ ಹಳ್ಳಿಗೆ ವೈದ್ಯರನ್ನು ಕಳಿಸಲಾಗದು ಎಂದರ್ಥ. 2003ರಲ್ಲಿ ಮ್ಯಾಚ್ ತಂದ ಜಪಾನ್, ಹೊಸ ವೈದ್ಯರು ನಗರಗಳಿಗೆ ಹರಿಯುವುದನ್ನು ಕಂಡು ಪ್ರಾಂತವಾರು ಸ್ಥಾನಗಳಿಗೆ ಮಿತಿ ಹಾಕಿತು. ಆ ಮಿತಿಯನ್ನು ಹಾಕಿದ ರೀತಿ ಒರಟು, ಅದೇ ಗುರಿಯನ್ನು ಕಡಿಮೆ ನಷ್ಟದಲ್ಲಿ ಮುಟ್ಟಬಹುದು ಎಂದು ಕಮಾಡಾ ಮತ್ತು ಕೊಜಿಮಾ 2015ರಲ್ಲಿ ವಾದಿಸಿದರು.

ಚೀಟಿ ಎತ್ತುವ ಪಂಥ

ಆಸ್ಪತ್ರೆಗೆ ಆಯ್ಕೆಯ ಹಕ್ಕೇ ಯಾಕೆ ಎನ್ನುವವರದು ಇನ್ನೊಂದು ಪಂಥ. ಇಸ್ರೇಲಿನಲ್ಲಿ ಬಹುಕಾಲ ಇಂಟರ್ನ್‌ಗಳಿಗೆ ಲಾಟರಿಯೇ ಇತ್ತು: ಚೀಟಿಯಲ್ಲಿ ಬಂದ ಸರದಿಯಂತೆ ಒಬ್ಬೊಬ್ಬರೇ ಆಸ್ಪತ್ರೆ ಆರಿಸಿಕೊಳ್ಳುವುದು. 2014ರಲ್ಲಿ ಅದನ್ನು ಸುಧಾರಿಸಿ, ಲಾಟರಿಯಲ್ಲಿ ಪ್ರತಿಯೊಬ್ಬರಿಗೂ ದಕ್ಕುವ ಸಾಧ್ಯತೆಗಳನ್ನೇ ಪರಸ್ಪರ ವಿನಿಮಯ ಮಾಡಿ, ಹೆಚ್ಚು ಮಂದಿಗೆ ಮೇಲಿನ ಆಯ್ಕೆ ಸಿಗುವಂತೆ ಮಾಡಿದರು. ಹೊಸ ವಿಧಾನದಲ್ಲಿ ನಿಜ ಬರೆಯುವುದೇ ಲಾಭ ಎಂಬ ಕಟ್ಟುನಿಟ್ಟಿನ ಭರವಸೆ ಇಲ್ಲ. ಒಟ್ಟು ತೃಪ್ತಿಗಾಗಿ ಅದನ್ನು ಬಿಟ್ಟುಕೊಟ್ಟರು.

ಬ್ರಿಟನ್ 2024ರಿಂದ ಹೊಸ ವೈದ್ಯರ ಫೌಂಡೇಷನ್ ತರಬೇತಿಗೆ ಅಂಕ ಮತ್ತು ಪರೀಕ್ಷೆಗಳನ್ನು ಕೈಬಿಟ್ಟು ಪ್ರತಿಯೊಬ್ಬರಿಗೂ ಕಂಪ್ಯೂಟರ್ ಕೊಟ್ಟ ಯಾದೃಚ್ಛಿಕ ಸರದಿ ಸಂಖ್ಯೆಯ ಮೇಲೆ ಪ್ರದೇಶ ಹಂಚತೊಡಗಿತು. ಹೆಚ್ಚು ಮಂದಿಗೆ ಮೊದಲ ಆಯ್ಕೆ ಸಿಗಲಿ ಎಂಬುದೇ ಉದ್ದೇಶ. ಐದಾರು ವರ್ಷ ಕಷ್ಟಪಟ್ಟು ಓದಿದ್ದಕ್ಕೆ ಬೆಲೆಯೇ ಇಲ್ಲವೇ ಎಂಬ ಸಿಟ್ಟು ಅಲ್ಲಿನ ವಿದ್ಯಾರ್ಥಿಗಳಲ್ಲಿದೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಎಲ್ಲ ಊರಿನ ರೋಗಿಗಳಿಗೂ ಒಳ್ಳೆಯ ವೈದ್ಯರು ಹಂಚಿಹೋಗಬೇಕಾದ ಸಾರ್ವಜನಿಕ ವ್ಯವಸ್ಥೆಯಲ್ಲಿ ಅಂಕವಂತರೆಲ್ಲ ಲಂಡನ್ನಿನಲ್ಲೇ ಸೇರಬೇಕು ಎಂಬುದಕ್ಕೂ ಸಮರ್ಥನೆ ಸುಲಭವಿಲ್ಲ.

ನಮ್ಮ ಆಪ್ಷನ್ ಎಂಟ್ರಿ

ಕರ್ನಾಟಕದಲ್ಲಿ ಎಂಬಿಬಿಎಸ್ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಓದಿದ ಕಾಲೇಜಿನಲ್ಲೇ ನಡೆಯುವುದರಿಂದ ಈ ಪ್ರಶ್ನೆ ನಮಗೆ ಎದುರಾಗುವುದು ಬೇರೆ ಬಾಗಿಲಲ್ಲಿ: ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿ. ಇಲ್ಲಿ ಕಾಲೇಜಿಗೆ ಸ್ವಂತ ಇಷ್ಟಾನಿಷ್ಟವಿಲ್ಲ. ರ‍್ಯಾಂಕ್ ಮತ್ತು ಮೀಸಲಾತಿ ಪ್ರವರ್ಗಗಳ ಪ್ರಕಾರ ಸರದಿ. ನಿಮ್ಮ ಸರದಿ ಬಂದಾಗ ಉಳಿದಿರುವ ಸೀಟುಗಳಲ್ಲಿ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಸಿಗುತ್ತದೆ. ಒಂದು ಸುತ್ತಿನೊಳಗೆ ಮೊದಲಿಗೆ ಏನು ಬರೆದರೂ ಎರಡನೆಯದಕ್ಕೆ ಧಕ್ಕೆಯಿಲ್ಲ ಎಂಬುದು ಅಮೆರಿಕದ ಮ್ಯಾಚ್‌ಗಿಂತಲೂ ಇಲ್ಲಿ ಸ್ಪಷ್ಟ. ಹಾಗಿದ್ದರೂ ಸೈಬರ್ ಸೆಂಟರುಗಳಲ್ಲಿ ಕಳೆದ ವರ್ಷದ ಕಟ್‌ಆಫ್ ಹಾಳೆ ಹಿಡಿದು, ಸಿಗದ ಕಾಲೇಜುಗಳನ್ನು ಅಳಿಸಿ, ಸಿಗುವಂಥವನ್ನು ಮೇಲೆ ತರುವ ತಂದೆತಾಯಿಯರಿಗೆ ಕೊರತೆಯಿಲ್ಲ. ಕಟ್‌ಆಫ್ ವರ್ಷದಿಂದ ವರ್ಷಕ್ಕೆ ಅಲ್ಲಾಡುತ್ತದೆ. ಅಳಿಸಿದ ಕಾಲೇಜು ಅದೇ ವರ್ಷ ಸಿಗುವಂತಾದರೆ ಮತ್ತೆ ಬರೆಯಲು ದಾರಿಯಿಲ್ಲ.

ನಿಜವಾದ ತಂತ್ರ ಬೇಕಾಗುವುದು ಸುತ್ತುಗಳ ನಡುವೆ. ಸಿಕ್ಕ ಸೀಟಿಗೆ ಸೇರುವುದು, ಸೀಟು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು ಎಂಬ ನಾಲ್ಕು ದಾರಿಗಳಲ್ಲಿ ಮೂರನೆಯದನ್ನು ಲಘುವಾಗಿ ಒತ್ತಿ ಕೈಸುಟ್ಟುಕೊಂಡವರಿದ್ದಾರೆ. ಐಐಟಿ ಮತ್ತು ಎನ್‌ಐಟಿಗಳ ಜೊಸಾ ವ್ಯವಸ್ಥೆ 2015ರಿಂದ ಎರಡೂ ಗುಂಪಿನ ಸಂಸ್ಥೆಗಳನ್ನು ಒಂದೇ ಪಟ್ಟಿಯಡಿ ತಂದು ತಾತ್ಕಾಲಿಕ ಒಪ್ಪಿಗೆಯ ತತ್ವವನ್ನೇ ಹಲವು ಸುತ್ತುಗಳಲ್ಲಿ ನಡೆಸುತ್ತಿದೆ. ಸುರತ್ಕಲ್‌ನ ಎನ್‌ಐಟಿಕೆ ಸೀಟೂ ಅದರಲ್ಲೇ ಹಂಚಿಕೆಯಾಗುತ್ತದೆ. ಮೀಸಲಾತಿಯ ಸಮತಲ ಮತ್ತು ಲಂಬ ವರ್ಗಗಳು ಸೇರಿದಾಗ ಯಾರನ್ನು ಯಾವ ಸೀಟಿಗೆ ಲೆಕ್ಕ ಹಾಕಬೇಕು ಎಂಬ ಪ್ರಶ್ನೆ ಮಾತ್ರ ಬೇರೆಯೇ ಸಮೀಕ್ಷೆ ಬೇಡುವಷ್ಟು ಜಟಿಲ. 2020ರ ಸೌರವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾತಾಡಿದ ಮೇಲೂ ವಿದ್ವಾಂಸರು ಅದನ್ನು ಚರ್ಚಿಸುತ್ತಲೇ ಇದ್ದಾರೆ.

ಇತ್ಯರ್ಥವಾಗದೆ ಉಳಿದದ್ದು

ಪಟ್ಟಿಯ ಒಳಗಿನ ಪ್ರಶ್ನೆ ಮುಗಿದಿದೆ ಎಂದೇ ನನ್ನ ತೀರ್ಮಾನ. ಒಬ್ಬಂಟಿ ಅರ್ಜಿದಾರ ಇಷ್ಟದ ಕ್ರಮದಲ್ಲಿ ಬರೆಯಬೇಕು, ಇದರಲ್ಲಿ ಗಂಭೀರ ಭಿನ್ನಮತ ಉಳಿದಿಲ್ಲ. ಪಟ್ಟಿಯ ಹೊರಗಿನದು ಯಾವುದೂ ಮುಗಿದಿಲ್ಲ. ಎಷ್ಟು ಸಿಗ್ನಲ್ ಇರಬೇಕು, ಸಂದರ್ಶನಗಳಿಗೂ ಒಂದು ಮ್ಯಾಚ್ ಬೇಕೇ ಎಂಬುದಕ್ಕೆ ಇನ್ನೂ ಪ್ರಯೋಗ ನಡೆಯುತ್ತಿದೆ. ಜನ ನಿಜ ಬರೆಯದಿರುವುದು ಅಜ್ಞಾನದಿಂದಲೋ ಸಂಕಟದಿಂದಲೋ ಎಂಬುದು ತಿಳಿಯದೆ ಪರಿಹಾರವೂ ಸಿಗದು. ಅಜ್ಞಾನಕ್ಕೆ ಕರಪತ್ರ ಸಾಕು, ಸಂಕಟಕ್ಕೆ ಸಾಲದು. ಮ್ಯಾಚ್ ಇಲ್ಲದ ಅಮೆರಿಕದಲ್ಲಿ ರೆಸಿಡೆಂಟ್‌ಗಳ, ಅಂದರೆ ತರಬೇತಿ ವೈದ್ಯರ, ಸಂಬಳ ಎಷ್ಟಿರುತ್ತಿತ್ತು ಎಂದು ಅಳೆಯಲು ದಾರಿ ಕಂಡಿಲ್ಲ. ಹೊರದೇಶದಲ್ಲಿ ಓದಿ ಬಂದ ಅಮೆರಿಕೇತರರಲ್ಲಿ ಮ್ಯಾಚ್ ಆಗುವವರು ಶೇ 60ರ ಆಸುಪಾಸು, ಅಲ್ಲಿನ ಎಂ.ಡಿ. ಶಾಲೆಗಳ ಅಂತಿಮ ವರ್ಷದವರಲ್ಲಿ ಶೇ 90ಕ್ಕೂ ಹೆಚ್ಚು. ಆ ಅಂತರದಲ್ಲಿ ಅರ್ಹತೆಯ ಪಾಲೆಷ್ಟು, ವೀಸಾದ ಪಾಲೆಷ್ಟು, ಅರ್ಜಿಯನ್ನು ತೆರೆಯದೆಯೇ ಬದಿಗಿಡುವ ಫಿಲ್ಟರುಗಳ ಪಾಲೆಷ್ಟು ಎಂಬುದೂ ತೀರ್ಮಾನವಾಗಿಲ್ಲ.

ಈ ವರ್ಷ ಪಟ್ಟಿ ಬರೆಯಲು ಕೂತಿರುವ ದಾವಣಗೆರೆಯ, ಮೈಸೂರಿನ, ಮಣಿಪಾಲದ ಯುವ ವೈದ್ಯರಿಗೆ ಹೇಳುವುದು ಇಷ್ಟೆ. ಬೇಕಾದ ಕ್ರಮದಲ್ಲಿ ಬರೆಯಿರಿ. ಸಿಕ್ಕರೂ ಹೋಗಲಾರೆ ಎನ್ನಿಸುವ ಆಸ್ಪತ್ರೆಯನ್ನು ಬರೆಯಲೇಬೇಡಿ, ಸಿಕ್ಕಿದ ಮೇಲೆ ಅದು ಕರಾರು. ಮೆಚ್ಚುಗೆಯ ಪತ್ರ ಓದಿ ಕ್ರಮ ಬದಲಿಸಬೇಡಿ. ಗಡುವಿಗೆ ಮುನ್ನ ಪಟ್ಟಿಯನ್ನು ‘ಸರ್ಟಿಫೈ’ ಮಾಡಿದ್ದೀರೋ ಎಂದು ಎರಡು ಸಲ ನೋಡಿಕೊಳ್ಳಿ. ಹಾಗೆ ಮಾಡದ ಪಟ್ಟಿಯನ್ನು ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.